ಪೊಲೀಸ್ ಅನುಮತಿ ನೆಲಕ್ಕೆ ಮಾತ್ರ
ಓದುಗರ ಪ್ರಶ್ನೆಗೆ ತಜ್ಞರ ಉತ್ತರ: ಚಿಕ್ಕಮಗಳೂರಿನಲ್ಲಿ ನೆಲೆಸಿರುವ ನಿವೃತ್ತ ಹೆಲಿಕಾಪ್ಟರ್ ಪೈಲಟ್ ಅವರಿಂದ

ಮದುವೆಯ ಕಾಲವಾಗಲಿ ಚುನಾವಣೆಯಾಗಲಿ ಹತ್ತಿರ ಬಂದರೆ ಸಾಕು, ಒಂದೇ ಪ್ರಶ್ನೆ ನಾನಾ ವೇಷ ತೊಟ್ಟು ಬರುತ್ತದೆ: ಇಳಿಯಲು ಅನುಮತಿಯಿದ್ದ ಮೇಲೆ ಹೆಲಿಕಾಪ್ಟರ್ ಹಾರಲು ಅಡ್ಡಿಯೇನು? ಹೆಲಿಪ್ಯಾಡ್‌ನ ಅಳತೆ, ಬಾಡಿಗೆಯ ದರ ಮುಂತಾದವನ್ನು ನಿಮ್ಮ ಬಾಡಿಗೆ ಸಂಸ್ಥೆಯೇ ತಿಳಿಸುತ್ತದೆ. ಅವು ಇಲ್ಲಿ ಬೇಡ.

ಪ್ರಶ್ನೆ: ಮದುಮಕ್ಕಳನ್ನು ಸಕಲೇಶಪುರದ ನಮ್ಮ ತೋಟಕ್ಕೆ ಕರೆತರಲು ಬೆಂಗಳೂರಿನಿಂದ ಹೆಲಿಕಾಪ್ಟರ್ ಗೊತ್ತುಮಾಡಿದ್ದೆವು. ಜಿಲ್ಲಾಡಳಿತ ಮತ್ತು ಪೊಲೀಸರ ಅನುಮತಿ ಕೈಯಲ್ಲಿತ್ತು, ಎಡಿಸಿ (ವಾಯುರಕ್ಷಣಾ ಅನುಮತಿ) ಸಂಖ್ಯೆಯೂ ಬಂದಿತ್ತು, ಆಕಾಶ ತಿಳಿಯಾಗಿತ್ತು. ಹಿಂದಿನ ರಾತ್ರಿ ನಿರ್ಬಂಧವೇನೂ ಇಲ್ಲ ಎಂದಿದ್ದ ಪೈಲಟ್ ಬೆಳಿಗ್ಗೆ ಮತ್ತೊಮ್ಮೆ ನೋಟಾಮ್ (ಹಾರಾಟದ ನಿರ್ಬಂಧ ಮುಂತಾದವನ್ನು ಪೈಲಟ್‌ಗಳಿಗೆ ತಿಳಿಸುವ ಅಧಿಕೃತ ಸೂಚನೆ) ನೋಡಿ, ಎರಡು ಗಂಟೆ ಹೊರಡಲೇ ಇಲ್ಲ. ಮುಹೂರ್ತ ತಪ್ಪುವುದರಲ್ಲಿತ್ತು. ಇದು ಅತಿಯಾಗಲಿಲ್ಲವೇ?

ಉತ್ತರ: ಅತಿಯಾಗಲಿಲ್ಲ. ಜಿಲ್ಲಾಡಳಿತ ಮತ್ತು ಪೊಲೀಸರು ಕೊಟ್ಟದ್ದು ನಿಮ್ಮ ಮೈದಾನದಲ್ಲಿ ಇಳಿಯಲು ಅನುಮತಿ. ಅಲ್ಲಿಗೆ ಬರುವ ಆಕಾಶದ ದಾರಿಯ ಮೇಲೆ ಅವರಿಗೆ ಅಧಿಕಾರವಿಲ್ಲ. ಎಡಿಸಿ ಎಂಬುದು ಇಂಥ ಹೊತ್ತಿನಲ್ಲಿ ಇಂಥ ದಾರಿಯಲ್ಲಿ ಬರುತ್ತಿರುವುದು ಗುರುತುಳ್ಳ ವಿಮಾನ ಎಂದು ವಾಯುರಕ್ಷಣಾ ವ್ಯವಸ್ಥೆಗೆ ತಿಳಿಸುವ ಸಂಖ್ಯೆಯೇ ಹೊರತು, ದಾರಿಯ ನಿರ್ಬಂಧಗಳನ್ನು ಓದುವ ಹೊಣೆಯನ್ನು ಅದು ಪೈಲಟ್‌ನ ಹೆಗಲಿನಿಂದ ಇಳಿಸುವುದಿಲ್ಲ. ನಿಮ್ಮ ತೋಟದ ಮೇಲೆ ಏನೂ ಇಲ್ಲದಿದ್ದರೂ ಹೆಲಿಕಾಪ್ಟರ್ ಹೊರಡುವುದು ಜಕ್ಕೂರಿನಿಂದಲೋ ಎಚ್‌ಎಎಲ್‌ನಿಂದಲೋ ತಾನೆ? ಜಕ್ಕೂರಿನ ಮಗ್ಗುಲಲ್ಲೇ ಯಲಹಂಕ ವಾಯುನೆಲೆಯಿದೆ. ಅಲ್ಲಿ ಏರೋ ಇಂಡಿಯಾ ನಡೆಯುವಾಗ ಕೆಂಪೇಗೌಡ ನಿಲ್ದಾಣದ ದೊಡ್ಡ ವಿಮಾನಗಳೇ ನಿಗದಿತ ಗಂಟೆಗಳಲ್ಲಿ ಕಾಯುತ್ತವೆ; ನಿಮ್ಮ ದಿಬ್ಬಣಕ್ಕೆ ವಿನಾಯಿತಿ ಸಿಗದು.

ರಾತ್ರಿ ನೋಡಿದ ನೋಟಾಮ್ ರಾತ್ರಿಯ ಮಟ್ಟಿಗೆ ಮಾತ್ರ ನಿಜ. 2025ರ ಮೇ ತಿಂಗಳಲ್ಲಿ ಉತ್ತರ ಮತ್ತು ಪಶ್ಚಿಮ ಭಾರತದ 32 ವಿಮಾನ ನಿಲ್ದಾಣಗಳು ನಾಗರಿಕ ಹಾರಾಟಕ್ಕೆ ಮುಚ್ಚಿದ್ದನ್ನು ನೆನಪಿಸಿಕೊಳ್ಳಿ. ಮೇ 15ರ ಬೆಳಿಗ್ಗೆ 5.29ರವರೆಗೆ ಎಂದು ಹೊರಟಿದ್ದ ಆ ನಿರ್ಬಂಧ ಮೇ 12ರಂದೇ ತೆರವಾಯಿತು. ಅವಧಿಗೆ ಮೊದಲೇ ತೆರವಾಗುವಂತೆ, ಮುನ್ನಾ ರಾತ್ರಿ ಇಲ್ಲದ್ದು ಬೆಳಗಾಗುವುದರೊಳಗೆ ಬಂದು ಕೂರಲೂಬಹುದು. ಗಣ್ಯರು ಬಂದರೆ ನಿರ್ಬಂಧವೂ ಬರುತ್ತದೆ, ಅವರ ಪ್ರವಾಸ ಬದಲಾಗಲು ಹೆಚ್ಚು ಹೊತ್ತು ಬೇಕಾಗಿಲ್ಲ.

ಆ 5.29 ಎಂಬ ವಿಚಿತ್ರ ಗಳಿಗೆ ಎಲ್ಲಿಂದ ಬಂತೆಂದು ಹಲವರು ಕೇಳಿದ್ದರು. ನೋಟಾಮ್‌ನ ಸಮಯ ಯುಟಿಸಿ ಎಂಬ ಜಾಗತಿಕ ಗಡಿಯಾರದ ಲೆಕ್ಕದಲ್ಲಿರುತ್ತದೆ. ಮೇ 14ರ 23.59ಕ್ಕೆ ಐದೂವರೆ ಗಂಟೆ ಕೂಡಿಸಿದರೆ ನಮ್ಮ ಗಡಿಯಾರದ ಲೆಕ್ಕ ಸಿಗುತ್ತದೆ. ಉದಾಹರಣೆಗೆ ನಿರ್ಬಂಧದ ಆರಂಭ 2511140330 ಎಂದು ಬರೆದಿದ್ದರೆ ಅದು 2025ರ ನವೆಂಬರ್ 14, 03.30 ಯುಟಿಸಿ. ಇದನ್ನು ನಸುಕಿನ ಮೂರೂವರೆ ಎಂದು ಓದಿ, ಬೆಳಗಾಗುವುದರೊಳಗೆ ಎಲ್ಲ ಮುಗಿಯಿತು ಎಂದುಕೊಂಡವರು, ನಿರ್ಬಂಧ ನಿಜಕ್ಕೂ ಶುರುವಾಗುವ ಒಂಬತ್ತು ಗಂಟೆಗೇ ನಿಶ್ಚಿಂತೆಯಿಂದ ರೋಟರ್ ತಿರುಗಿಸುತ್ತಾರೆ. ನಿರ್ಬಂಧವಿರುವ ವೃತ್ತದ ತ್ರಿಜ್ಯವೂ ಹಾಗೆಯೇ: 10 ಎಂದರೆ ಹತ್ತು ಕಿಲೋಮೀಟರ್ ಅಲ್ಲ, ಹತ್ತು ನಾಟಿಕಲ್ ಮೈಲಿ, ಅಂದರೆ ಸುಮಾರು 18.5 ಕಿಲೋಮೀಟರ್.

ಮಲೆನಾಡಿನಲ್ಲಿ ಎತ್ತರದ ಲೆಕ್ಕ ಇನ್ನೂ ಮೋಸದ್ದು. ಸಮುದ್ರಮಟ್ಟದಿಂದ 5,000 ಅಡಿಯವರೆಗೆ ನಿರ್ಬಂಧವಿದೆ ಎಂದಿಟ್ಟುಕೊಳ್ಳಿ. ಚಿಕ್ಕಮಗಳೂರು ಪಟ್ಟಣವೇ ಸುಮಾರು 3,500 ಅಡಿ ಎತ್ತರದಲ್ಲಿರುವುದರಿಂದ ಇಲ್ಲಿ ಅದು ತಲೆಯ ಮೇಲೆ ಸಾವಿರದೈನೂರು ಅಡಿ ಮಾತ್ರ. 6,300 ಅಡಿ ಮೀರಿದ ಮುಳ್ಳಯ್ಯನಗಿರಿಯ ತುದಿ ಆ ಮಿತಿಗಿಂತ ಮೇಲಿದೆ. ‘ಹಾಗಾದರೆ ಮೇಲಿನಿಂದ ದಾಟಿಬಿಡಿ’ ಎಂದು ಕಾರಿನಲ್ಲಿ ಕೂತು ಸಲಹೆ ಕೊಡುವವರಿಗೆ ಗುಡ್ಡದ ನೆತ್ತಿಯ ಮೇಲೆ ಕೂರುವ ಮೋಡದ ಪರಿಚಯವಿಲ್ಲ. ಮೇಲೆ ಮೋಡ, ಕೆಳಗೆ ನಿರ್ಬಂಧ ಇದ್ದಾಗ ಒಳ್ಳೆಯ ಪೈಲಟ್ ಚಹಾ ಕುಡಿಯುತ್ತಾ ಕೂರುತ್ತಾನೆ.

ನೋಟಾಮ್ ನೋಡುವ ನನ್ನ ಪದ್ಧತಿ ಹೀಗಿತ್ತು: ಹಿಂದಿನ ಸಂಜೆ ಒಮ್ಮೆ, ಇಂಜಿನ್ ಚಾಲೂ ಮಾಡುವ ಮುನ್ನ ಒಮ್ಮೆ, ಹೊರಡುವುದು ತಡವಾದರೆ ಮತ್ತೊಮ್ಮೆ. ಇದನ್ನು ಅಂಜುಬುರುಕತನ ಎಂದವರಿದ್ದಾರೆ, ಅನ್ನಲಿ. ವಾಪಸಾತಿಯ ವಿಷಯದಲ್ಲಿ ನಾನು ಇನ್ನೂ ಬಿಗಿ. ತೋಟದಲ್ಲಿ ಮೊಬೈಲ್ ನೆಟ್‌ವರ್ಕ್ ಸಿಗದಿದ್ದರೆ ಸಿಗುವ ಜಾಗಕ್ಕೆ ಪೈಲಟ್ ಜೀಪಿನಲ್ಲಿ ಹೋಗಿ ಬೆಂಗಳೂರಿನ ತನ್ನ ಕಚೇರಿಯಿಂದ ಹೊಸ ಮಾಹಿತಿ ಕೇಳಿ ಬರಬೇಕು, ಕೇಳಲಾಗದಿದ್ದರೆ ಏಳಬಾರದು. ‘ಊಟ ಮುಗಿಸಿಕೊಂಡು ಹೋಗಿ’ ಎಂಬ ಉಪಚಾರ ಸಂಜೆಯವರೆಗೆ ಎಳೆಯುವುದೂ ಬೇಡ. ಕಣ್ಣಳತೆಯ ನಿಯಮದಡಿ, ಅಂದರೆ ಹೊರಗಿನದನ್ನು ಕಣ್ಣಾರೆ ನೋಡಿಕೊಂಡು ಹಾರುವವರಿಗೆ ಸೂರ್ಯಾಸ್ತದ ನಂತರ ಇಪ್ಪತ್ತು ನಿಮಿಷಕ್ಕೆ ಬಾಗಿಲು ಮುಚ್ಚುತ್ತದೆ.

ಇನ್ನು, ‘ಎಲ್ಲ ಪರ್ಮಿಷನ್ ನಮ್ಮದೇ ಸರ್’ ಎಂದು ಮುಂಗಡ ಎಣಿಸಿಕೊಳ್ಳುವ ದಲ್ಲಾಳಿಗಳ ಬಗ್ಗೆ ಒಂದು ಮಾತು. ನೋಟಾಮ್ ಓದಲು ಬಾರದವನು ನಿರ್ಬಂಧವಿಲ್ಲ ಎಂದು ಕೊಡುವ ಭರವಸೆಗೆ ಬೆಲೆಯಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಸುತ್ತಾಡುವ ನೋಟಾಮ್‌ನ ಫೋಟೋಗೂ ಅಷ್ಟೇ ಬೆಲೆ, ಏಕೆಂದರೆ ಅದು ರದ್ದಾಗಿದೆಯೇ, ಬೇರೊಂದು ಅದರ ಜಾಗಕ್ಕೆ ಬಂದಿದೆಯೇ ಎಂಬುದು ಫೋಟೋದಲ್ಲಿ ಕಾಣುವುದಿಲ್ಲ.

ಪ್ರಶ್ನೆ: ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಹಾಸನದ ನಮ್ಮ ಊರು ಹಸಿರು ವಲಯದಲ್ಲಿದೆ. ಹೆಲಿಕಾಪ್ಟರ್ ತರಿಸಬಹುದೇ?

ಉತ್ತರ: ಆ ನಕ್ಷೆ 2021ರ ಡ್ರೋನ್ ನಿಯಮಗಳಿಗೆ ಸಂಬಂಧಿಸಿದ್ದು, ಹೆಲಿಕಾಪ್ಟರ್‌ಗೆ ಅದರಿಂದ ಯಾವ ಉತ್ತರವೂ ಸಿಗದು.

ಪ್ರಶ್ನೆ: ನಿರ್ಬಂಧವಿದೆ ಎನ್ನುತ್ತಾರೆ, ಆದರೆ ವಿಮಾನಗಳ ಜಾಡು ತೋರಿಸುವ ಆ್ಯಪ್‌ನಲ್ಲಿ ನಮ್ಮ ಊರಿನ ಮೇಲೆಯೇ ವಿಮಾನಗಳು ಹೋಗುತ್ತಿವೆಯಲ್ಲ?

ಉತ್ತರ: ಅವು ಸಾಮಾನ್ಯವಾಗಿ ನಿರ್ಬಂಧದ ಮೇಲ್ಮಿತಿಗಿಂತ ಎಷ್ಟೋ ಎತ್ತರದಲ್ಲಿರುತ್ತವೆ, ನಿಮ್ಮ ಹೆಲಿಕಾಪ್ಟರ್ ಇರುವುದಿಲ್ಲ.

ಪ್ರಶ್ನೆ: ನೋಟಾಮ್ ಇಲ್ಲವೆಂದಾದರೆ ಮಂಟಪದ ಮೇಲೆ ಹೂಮಳೆ ಸುರಿಸಬಹುದಲ್ಲವೇ?

ಉತ್ತರ: ವಿಮಾನದಿಂದ ವಸ್ತು ಉದುರಿಸುವುದಕ್ಕೆ 1937ರ ವಿಮಾನ ನಿಯಮಗಳಲ್ಲಿ ಬೇರೆಯೇ ಕಟ್ಟಳೆಯಿದೆ. ಅನುಮತಿ ಪತ್ರ ತೋರಿಸದೆ ಒಪ್ಪಿಕೊಳ್ಳುವ ಪೈಲಟ್ ಸಿಕ್ಕರೆ ಆ ಹೆಲಿಕಾಪ್ಟರ್ ಹತ್ತಬೇಡಿ.

ಪ್ರಶ್ನೆ: ಅಮೆರಿಕದ ಟಿಎಫ್‌ಆರ್ (ತಾತ್ಕಾಲಿಕ ಹಾರಾಟ ನಿರ್ಬಂಧ) ಪಟ್ಟಿಯಲ್ಲಿ ಚಿಕ್ಕಮಗಳೂರು ಇಲ್ಲ. ಅಂದರೆ ನಿರ್ಬಂಧವಿಲ್ಲ ಎಂದೇ?

ಉತ್ತರ: ಅದು ಅಮೆರಿಕದ ಆಕಾಶದ ಪಟ್ಟಿ. ನಾವಿರುವುದು ಚೆನ್ನೈ ಹಾರಾಟ ಮಾಹಿತಿ ವಲಯದಲ್ಲಿ. ಇಲ್ಲಿಯ ನೋಟಾಮ್‌ಗಳನ್ನು ಹೊರಡಿಸುವುದು ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ.