ಗೆರೆ ಯಾರದು?

ಪತ್ರ: ಟೆನಿಸ್‌ನಲ್ಲಿ ಚೆಂಡು ಗೆರೆಗೆ ತಾಗಿದರೆ ಸಾಕು, ಒಳಗೆ. ಕ್ರಿಕೆಟ್‌ನಲ್ಲಿ ಬ್ಯಾಟು ಗೆರೆಯ ಮೇಲಿದ್ದರೂ ರನೌಟ್. ಬ್ಯಾಟರ್‌ಗೇಕೆ ಈ ಅನ್ಯಾಯ? ಎಲ್ಲ ಆಟಕ್ಕೂ ಒಂದೇ ನಿಯಮ ಮಾಡಬಾರದೇ?
– ಓದುಗರೊಬ್ಬರು, ಹಾಸನ

ಉತ್ತರ: ನೋಡುವವರಿಗೆ ಗೊಂದಲವಾಗುತ್ತದೆ, ನಿಜ. ಅಷ್ಟು ಮಾತ್ರ ಒಪ್ಪಿದೆ. ಆದರೆ ಸ್ವಾಮಿ, ನಿಮ್ಮ ಮಾತು ಕೇಳಿದರೆ ಆಟಗಳ ರುಚಿಯೇ ಹೋದೀತು.

ಕ್ರಿಕೆಟ್‌ನಲ್ಲಿ ಸುಣ್ಣದ ಪಟ್ಟಿ ಎಷ್ಟೇ ದಪ್ಪಗಿರಲಿ, ಕ್ರೀಸ್ ಎಂದರೆ ಅದರ ಹಿಂಬದಿಯ ಅಂಚು ಮಾತ್ರ. ಬ್ಯಾಟರ್ ಪರ ಕಣ್ಣೀರು ಹಾಕುವ ನೀವು ಬೌಲರನ್ನು ಮರೆತಿರಿ. ಅವನ ಮುಂಗಾಲಿನ ಹಿಮ್ಮಡಿ ಒಂದಿಷ್ಟಾದರೂ ಅದೇ ಅಂಚಿನ ಹಿಂದಿರಬೇಕು. ಪಾದವಿಡೀ ಪಟ್ಟಿಯ ಮೇಲಿದ್ದರೂ ನೋಬಾಲ್. ಇಬ್ಬರಿಗೂ ಒಂದೇ ತಕ್ಕಡಿ.

ಫುಟ್‌ಬಾಲ್‌ನಲ್ಲಿ ಚೆಂಡು ಇಡಿಯಾಗಿ ಗೆರೆ ದಾಟಬೇಕು. ಈ ಒಂದು ನಿಯಮ ಜರ್ಮನರನ್ನು ಆಡಿಸಿದಷ್ಟು ಯಾರನ್ನೂ ಆಡಿಸಿಲ್ಲ. 1966ರ ವಿಶ್ವಕಪ್ ಫೈನಲ್‌ನಲ್ಲಿ ಇಂಗ್ಲೆಂಡಿನ ಜೆಫ್ ಹರ್ಸ್ಟ್ ಹೊಡೆದ ಚೆಂಡು ಅಡ್ಡಪಟ್ಟಿಗೆ ಬಡಿದು ಗೆರೆಯ ಹತ್ತಿರ ಬಿತ್ತು. ಗೋಲ್ ಕೊಟ್ಟರು, ಪಶ್ಚಿಮ ಜರ್ಮನಿ ಸೋತಿತು, ಜಗಳ ಇನ್ನೂ ಮುಗಿದಿಲ್ಲ. 2010ರ ವಿಶ್ವಕಪ್‌ನಲ್ಲಿ ಸರದಿ ಇಂಗ್ಲೆಂಡಿನದು: ಜರ್ಮನಿಯ ವಿರುದ್ಧ ಲ್ಯಾಂಪಾರ್ಡ್ ಹೊಡೆದ ಚೆಂಡು ಗೆರೆ ದಾಟಿದ್ದು ಇಡೀ ಜಗತ್ತಿಗೆ ಕಂಡಿತು, ರೆಫರಿಗೆ ಮಾತ್ರ ಕಾಣಲಿಲ್ಲ. 2014ರ ವಿಶ್ವಕಪ್ಪಿಗೆ ಯಂತ್ರದ ಕಣ್ಣು ಬಂತು. 2022ರಲ್ಲಿ ಕತಾರಿನಲ್ಲಿ ಸ್ಪೇನ್ ವಿರುದ್ಧ ಜಪಾನಿನ ಮಿತೊಮಾ ಒಳಗೆಳೆದ ಚೆಂಡು ಬರಿಗಣ್ಣಿಗೆ ಪೂರಾ ಹೊರಗೆ. ಮೇಲಿನಿಂದ ನೋಡಿದರೆ ಅದರ ಉಬ್ಬು ಗೆರೆಯ ಮೇಲೆ ಕೂದಲೆಳೆಯಷ್ಟು ಉಳಿದಿತ್ತು. ಆ ಚೆಂಡಿನಿಂದ ಬಂದ ಗೋಲಿನಿಂದ ಜಪಾನ್ ಗೆದ್ದಿತು, ಅದೇ ಗುಂಪಿನಲ್ಲಿದ್ದ ಜರ್ಮನಿ ಅದೇ ರಾತ್ರಿ ಕೋಸ್ಟರಿಕಾವನ್ನು 4-2ರಿಂದ ಸೋಲಿಸಿಯೂ ಗಂಟುಮೂಟೆ ಕಟ್ಟಿತು. ನಿಮ್ಮ ಟೆನಿಸ್ ಗೆರೆಗೆ ಇಂಥ ಕಥೆ ಇದೆಯೇ?

ಒಂದೇ ಒಳಾಂಗಣದ ನೆಲದಲ್ಲಿ ವಾಲಿಬಾಲ್ ಚೆಂಡು ಗೆರೆಗೆ ತಾಗಿದರೆ ಒಳಗೆ, ಚೆಂಡು ಹಿಡಿದ ಬ್ಯಾಸ್ಕೆಟ್‌ಬಾಲ್ ಆಟಗಾರನ ಕಾಲು ತಾಗಿದರೆ ಹೊರಗೆ. ಆಡುವ ಮಕ್ಕಳಿಗೆ ಇದರಲ್ಲಿ ಯಾವ ತಕರಾರೂ ಇಲ್ಲ. ತಕರಾರು ಸೋಫಾದ ಮೇಲೆ ಕೂತವರದು.

ಕಬಡ್ಡಿಯನ್ನು ನೀವು ಹೆಸರಿಸಲೇ ಇಲ್ಲ, ನೋಡಿ. ಬೋನಸ್ ಅಂಕ ಸಿಗಬೇಕಾದರೆ ರೈಡರ್‌ನ ಒಂದು ಕಾಲು ಬೋನಸ್ ಗೆರೆಯಾಚೆ ಊರಿದಾಗ ಇನ್ನೊಂದು ಗಾಳಿಯಲ್ಲಿರಬೇಕು, ಎದುರಿಗೆ ಕನಿಷ್ಠ 6 ಮಂದಿ ಇರಬೇಕು. ಇಷ್ಟು ಸೊಗಸಾದ ಗೆರೆ ನಮ್ಮಲ್ಲೇ ಇದ್ದರೂ ಟೀವಿಯವರಿಗೆ ಹಗಲಿರುಳು ಕ್ರೀಸೇ ಬೇಕು. ಶಾಲೆಗಳಲ್ಲೋ, ಆಟದ ಪೀರಿಯಡ್ಡನ್ನು ಗಣಿತದ ಮೇಷ್ಟ್ರು ಕಿತ್ತುಕೊಳ್ಳುತ್ತಾರೆ, ಮೈದಾನವನ್ನು ಹೊಸ ಕಟ್ಟಡ ನುಂಗುತ್ತದೆ, ಸುಣ್ಣದಪುಡಿ ಚೆಲ್ಲಿ ಗೆರೆ ಎಳೆಯಬೇಕಾದ ಪಿ.ಟಿ. ಮೇಷ್ಟ್ರ ಹುದ್ದೆ ಖಾಲಿ ಬಿದ್ದಿರುತ್ತದೆ. ನಿಮ್ಮ ಕೈಬರಹ ಚೆನ್ನಾಗಿದೆ. ಆ ಹುದ್ದೆ ತುಂಬಿ ಎಂದು ಒಂದು ಪತ್ರ ಬರೆಯಿರಿ, ಖಂಡಿತ ಅಚ್ಚು ಹಾಕುತ್ತೇನೆ.