ಸಕ್ಕರೆ ಕಾರ್ಖಾನೆ ಹೊಲದ ಬಳಿ, ಪಾನೀಯದ ಕಾರ್ಖಾನೆ ಪೇಟೆಯ ಬಳಿ

ಪ್ರಶ್ನೆ: ನಮ್ಮ ಜಮಖಂಡಿ, ಮುಧೋಳ ಭಾಗದಲ್ಲಿ ಎತ್ತ ನೋಡಿದರೂ ಸಕ್ಕರೆ ಕಾರ್ಖಾನೆಗಳೇ ಕಾಣುತ್ತವೆ. ಆದರೆ ಅದೇ ಸಕ್ಕರೆಯನ್ನು ಬಳಸುವ ತಂಪು ಪಾನೀಯ, ಬಿಸ್ಕತ್ತಿನ ಕಾರ್ಖಾನೆಗಳು ಬೆಂಗಳೂರಿನಂಥ ದೊಡ್ಡ ಪೇಟೆಗಳ ಸುತ್ತಲೇ ಇರುವುದೇಕೆ? ಅವೂ ನಮ್ಮಲ್ಲಿಗೇ ಬರಬಹುದಲ್ಲವೇ?

ಉತ್ತರ: ಇದರ ಗುಟ್ಟು ಬಹುಮಟ್ಟಿಗೆ ತೂಕದಲ್ಲಿದೆ. ಒಂದು ಟನ್ ಕಬ್ಬು ನುರಿಸಿದರೆ ಕೈಗೆ ಸಿಗುವ ಸಕ್ಕರೆ ಸುಮಾರು 100 ಕಿಲೋ ಮಾತ್ರ. ಉಳಿದದ್ದೆಲ್ಲ ನೀರು, ಸಿಪ್ಪೆ, ಕಾಕಂಬಿ ಮತ್ತು ಮಡ್ಡಿ. ಬೆಂಗಳೂರಿನಲ್ಲಿ ಕಾರ್ಖಾನೆ ಕಟ್ಟಿದರೆ ನಿಮ್ಮೂರಿನಿಂದ ಹತ್ತು ಲಾರಿ ಕಬ್ಬು ಸಾಗಿಸಬೇಕು. ನಿಮ್ಮಲ್ಲೇ ಕಟ್ಟಿದರೆ ಒಂದು ಲಾರಿ ಸಕ್ಕರೆ ಕಳಿಸಿದರೆ ಮುಗಿಯಿತು. ಕಡಿದ ಕಬ್ಬು ಕಾಯುವ ವಸ್ತುವೂ ಅಲ್ಲ. ಕಟಾವಾದ ಗಳಿಗೆಯಿಂದಲೇ ಅದರ ನೀರಿನಂಶ ಆರತೊಡಗುತ್ತದೆ, ಸಕ್ಕರೆಯ ಅಂಶ ಒಡೆದು ಇಳುವರಿ ಕುಸಿಯುತ್ತದೆ. ಆದ್ದರಿಂದಲೇ ಒಂದು ದಿನದೊಳಗೆ ನುರಿಸಬೇಕೆಂಬ ಅವಸರ. ಇಂಧನದ ಲೆಕ್ಕವೂ ಹೊಲದ ಪರವಾಗಿಯೇ ಇದೆ: ಕಬ್ಬಿನ ತೂಕದಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಪಾಲು ಉಳಿಯುವ ಸಿಪ್ಪೆಯೇ ಬಾಯ್ಲರಿಗೆ ಹೋಗುವುದರಿಂದ ಕಲ್ಲಿದ್ದಲಿನ ಗಣಿ ಎಷ್ಟು ದೂರವಿದ್ದರೂ ಚಿಂತೆಯಿಲ್ಲ. ಕೃಷ್ಣರಾಜಸಾಗರದ ನಾಲೆಯ ನೀರು ಮಂಡ್ಯದ ಹೊಲಗಳಿಗೆ ಹರಿಯತೊಡಗಿದ ಕಾಲದಲ್ಲೇ, 1933ರಲ್ಲಿ, ಮೈಸೂರು ಸಕ್ಕರೆ ಕಂಪನಿ ಹುಟ್ಟಿದ್ದು ಕಾಕತಾಳೀಯವಲ್ಲ. ಆಲೆಮನೆಯಂತೂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಗದ್ದೆಯ ಬದಿಯಲ್ಲೇ ಒಲೆ ಹೂಡುತ್ತದೆ.

ತಂಪು ಪಾನೀಯದಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ. ಬಾಟಲಿಯಲ್ಲಿರುವುದರಲ್ಲಿ ಹೆಚ್ಚಿನ ಪಾಲು ನೀರು, ಆ ನೀರು ಪೇಟೆಯ ಹತ್ತಿರವೂ ಸಿಗುತ್ತದೆ. ಹಾಗಿರುವಾಗ ಸಕ್ಕರೆಯನ್ನೂ ಪಾನೀಯದ ಸಾರವನ್ನೂ ಮಾತ್ರ ದೂರದಿಂದ ತಂದು, ನೀರನ್ನು ಅಲ್ಲೇ ಬೆರೆಸುವುದು ಅಗ್ಗ. ಬಿಸ್ಕತ್ತಿನಲ್ಲಿ ನೀರಿನ ಮಾತಿಲ್ಲ. ಆದರೆ ಹಿಟ್ಟು, ಸಕ್ಕರೆಗಳು ಬಿಸ್ಕತ್ತಾಗುವಾಗ ತೂಕ ಅಷ್ಟೇನೂ ಇಳಿಯುವುದಿಲ್ಲ, ಪೊಟ್ಟಣಗಳು ಜಾಗ ತಿನ್ನುತ್ತವೆ, ಒಡೆಯುವ ಭಯ ಬೇರೆ. ಜರ್ಮನಿಯ ಅರ್ಥಶಾಸ್ತ್ರಜ್ಞ ಆಲ್‌ಫ್ರೆಡ್ ವೆಬರ್ 1909ರಲ್ಲಿ ಈ ತರ್ಕವನ್ನೇ ಸಿದ್ಧಾಂತವಾಗಿ ಮಂಡಿಸಿದರು: ನಿರ್ದಿಷ್ಟ ಸ್ಥಳದಲ್ಲಷ್ಟೇ ಸಿಗುವ ಕಚ್ಚಾವಸ್ತುವಿನ ತೂಕ ಸಿದ್ಧವಸ್ತುವಿನ ತೂಕಕ್ಕಿಂತ ಹೆಚ್ಚಾದಷ್ಟೂ ಉದ್ಯಮ ಕಚ್ಚಾವಸ್ತುವಿನ ಕಡೆಗೆ ವಾಲುತ್ತದೆ. ಸುಣ್ಣಕಲ್ಲನ್ನು ಹಿಂಬಾಲಿಸಿ ಸಿಮೆಂಟ್ ಕಾರ್ಖಾನೆಗಳು ವಾಡಿ, ಸೇಡಂ ಕಡೆ ನೆಲೆಸಿದ್ದೂ ಇದೇ ಕಾರಣಕ್ಕೆ.

ವೆಬರ್ ಅವರ ಲೆಕ್ಕದಲ್ಲಿ ಸಾಗಣೆ ವೆಚ್ಚವನ್ನು ಭರಿಸುವವನು ಉದ್ಯಮಿ. ನಮ್ಮಲ್ಲಿ ಹಾಗಿಲ್ಲ ಎಂಬುದನ್ನು ಮಾತ್ರ ಇಲ್ಲಿ ಹೇಳಲೇಬೇಕು. ಕೇಂದ್ರ ಸರ್ಕಾರ ಗೊತ್ತುಪಡಿಸುವ ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ರೈತನಿಗೆ ಕೊಡಲೇಬೇಕಾದ ಕನಿಷ್ಠ ದರ, ಕಾರ್ಖಾನೆಯ ಬಾಗಿಲಿಗೆ ಮುಟ್ಟಿದ ಕಬ್ಬಿನದು. ಕಟಾವು ಮತ್ತು ಸಾಗಣೆಯ ಖರ್ಚನ್ನು ಸಾಮಾನ್ಯವಾಗಿ ರೈತನ ಬಿಲ್ಲಿನಿಂದಲೇ ಮುರಿದುಕೊಳ್ಳಲಾಗುತ್ತದೆ. ಟ್ರ್ಯಾಕ್ಟರುಗಳ ಸಾಲಿನಲ್ಲಿ ನಿಂತು ಕಬ್ಬು ಒಣಗಿದರೆ ತೂಕದ ನಷ್ಟವೂ ಅವನದೇ. ಹೀಗಾಗಿ ಕಾರ್ಖಾನೆ ಎಲ್ಲಿ ಬರುತ್ತದೆ ಎಂಬುದು ಮಾಲೀಕನಿಗಿಂತ ಬೆಳೆಗಾರನಿಗೇ ಹೆಚ್ಚು ತಟ್ಟುವ ಸಂಗತಿ ಎಂಬುದು ನನ್ನ ಅಭಿಪ್ರಾಯ. ಎರಡು ಸಕ್ಕರೆ ಕಾರ್ಖಾನೆಗಳ ನಡುವೆ ಕನಿಷ್ಠ 15 ಕಿಲೋಮೀಟರ್ ಅಂತರವಿರಬೇಕೆಂಬ ಕೇಂದ್ರದ ನಿಯಮ ಕಾರ್ಖಾನೆಗೆ ಕಬ್ಬಿನ ಭರವಸೆ ಕೊಡುತ್ತದೆ ನಿಜ; ಆದರೆ ಹತ್ತಿರದಲ್ಲೇ ಇನ್ನೊಂದು ಗಿರಾಕಿ ಸಿಗುವ ಸಾಧ್ಯತೆಯನ್ನು ರೈತನಿಗೆ ಕಡಿಮೆ ಮಾಡುತ್ತದೆ.

ಪ್ರಶ್ನೆ: ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಕಲ್ಲಿದ್ದಲು ಹೊರದೇಶಗಳಿಂದ ಹಡಗಿನಲ್ಲಿ ಬರುತ್ತದೆ ಎಂದು ಓದಿದ್ದೇನೆ. ಹಾಗಿದ್ದರೆ ಅದನ್ನು ಬಂದರಿನಲ್ಲೇ ಕಟ್ಟಬಹುದಿತ್ತಲ್ಲವೇ?

ಉತ್ತರ: ಕಟ್ಟಬಹುದು, ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆ ಸಮುದ್ರದ ದಡದಲ್ಲೇ ಇದೆ, ಅದಿರನ್ನು ಒಳನಾಡಿನಿಂದ ರೈಲಿನಲ್ಲಿ ತರಿಸಿಕೊಳ್ಳುತ್ತದೆ. ಉಕ್ಕಿಗೆ ಎರಡು ಭಾರದ ಕಚ್ಚಾವಸ್ತುಗಳು ಬೇಕಾಗುವುದರಿಂದ ಒಂದನ್ನಂತೂ ದೂರದಿಂದ ಸಾಗಿಸಲೇಬೇಕು. ಇಂದಿನ ಊದುಕುಲುಮೆಯಲ್ಲಿ (ಬ್ಲಾಸ್ಟ್ ಫರ್ನೇಸ್) ಒಂದು ಟನ್ ಉಕ್ಕಿಗೆ ಸುಮಾರು ಒಂದೂವರೆ ಟನ್ನಿನಷ್ಟು ಅದಿರು ಬೇಕು, ಕಲ್ಲಿದ್ದಲು ಅದಕ್ಕಿಂತ ಕಡಿಮೆ ಸಾಕು. ಸಂಡೂರು, ಹೊಸಪೇಟೆಯ ಅದಿರು ಪಕ್ಕದಲ್ಲೇ ಇರುವಾಗ ಗೋವಾದ ಬಂದರಿನಿಂದ ಘಟ್ಟ ಹತ್ತಿಸಿ ಕಲ್ಲಿದ್ದಲು ತರುವುದು ಲೆಕ್ಕಕ್ಕೆ ಕೂಡುತ್ತದೆ. ಹಳೆಯ ಕುಲುಮೆಗಳು ಅದಿರಿಗಿಂತ ಹೆಚ್ಚು ಕಲ್ಲಿದ್ದಲನ್ನು ನುಂಗುತ್ತಿದ್ದವು. ಅದಕ್ಕೇ ಇಂಗ್ಲೆಂಡಿನ ಕಬ್ಬಿಣದ ಉದ್ಯಮ ಒಂದು ಕಾಲಕ್ಕೆ ಕಲ್ಲಿದ್ದಲಿನ ಗಣಿಗಳ ಸುತ್ತ ನೆರೆಯಿತು. 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿ ಕಾರ್ಖಾನೆಗೆ ಕಲ್ಲಿದ್ದಲು ಕೈಗೆಟುಕದಷ್ಟು ದೂರವಿತ್ತು. ಕೆಮ್ಮಣ್ಣುಗುಂಡಿಯ ಅದಿರಿನ ಜೊತೆಗೆ ಸುತ್ತಲಿನ ಕಾಡಿನ ಮರವನ್ನು ಸುಟ್ಟ ಇದ್ದಿಲನ್ನೇ ಅದು ನೆಚ್ಚಿಕೊಂಡಿತು. ಆ ಕಾಡಿನ ಬೆಲೆ ಅಂದಿನ ಲೆಕ್ಕಪುಸ್ತಕದಲ್ಲಿ ಎಷ್ಟರಮಟ್ಟಿಗೆ ಸೇರಿತ್ತು ಎಂಬುದು ಬೇರೆ ಮಾತು.

ಸರ್ಕಾರವೂ ಈ ಲೆಕ್ಕವನ್ನು ಬದಲಿಸಬಲ್ಲದು. 1952ರಿಂದ 1990ರ ದಶಕದ ಆರಂಭದವರೆಗೆ ಜಾರಿಯಲ್ಲಿದ್ದ, ದೂರದ ಸಾಗಣೆ ವೆಚ್ಚವನ್ನು ಸರಿದೂಗಿಸುವ ಸರಕು ಸಾಗಣೆ ಸಮೀಕರಣ ನೀತಿಯಿಂದ ಉಕ್ಕು ದೇಶದ ಎಲ್ಲೆಡೆ ಹೆಚ್ಚುಕಡಿಮೆ ಒಂದೇ ದರಕ್ಕೆ ಸಿಗುವಂತಾಯಿತು. ಗಣಿಗಳ ಪಕ್ಕದಲ್ಲಿದ್ದ ಬಿಹಾರ, ಬಂಗಾಳಗಳಿಗೆ ಸಹಜವಾಗಿದ್ದ ಅನುಕೂಲ ಕರಗಿತು. ಉಕ್ಕನ್ನು ಬಳಸುವ ಎಂಜಿನಿಯರಿಂಗ್ ಉದ್ಯಮಗಳು ಪಶ್ಚಿಮ ಮತ್ತು ದಕ್ಷಿಣದ ಪೇಟೆಗಳ ಬಳಿ ಬೆಳೆಯುವುದು ಸಲೀಸಾಯಿತು.