ಪಾಳುಬಿದ್ದ ಹಳೆ ಬಂದರು ಪ್ರದೇಶಕ್ಕೆ ಮೊದಲು ಏನು ತರಬೇಕು: ಆಫೀಸು ಗೋಪುರವೋ, ಮ್ಯೂಸಿಯಮ್ಮೋ?

ಎರಡೂ ಬೇಡ. ಯಾವ ಕಟ್ಟಡ ಕಟ್ಟಿದರೆ ಜನ ಬರುತ್ತಾರೆ ಅಂತ ನಾನೂ ಒಂದು ಕಾಲಕ್ಕೆ ತಲೆಕೆಡಿಸಿಕೊಂಡವನೇ. ಮೊದಲು ಬರಬೇಕಾದ್ದು ರೈಲು, ಅದೂ ಮುಂದಿನ ಮೂವತ್ತು ವರ್ಷಕ್ಕೆ ಸಾಲುವಂಥದ್ದು.

ಲಂಡನ್ ನೋಡಿ. ಕಂಟೇನರ್ ಬಂದು ಸರಕೆಲ್ಲ ಥೇಮ್ಸ್ ನದಿಯ ಸಮುದ್ರದ ಕಡೆಯಿರುವ ಟಿಲ್ಬರಿ ಬಂದರಿಗೆ ಹೋದಮೇಲೆ 1967ರಿಂದ 1981ರೊಳಗೆ ಅಲ್ಲಿನ ಡಾಕ್‌ಗಳು, ಅಂದರೆ ಹಡಗು ನಿಲ್ಲಲು ಗೋಡೆ ಕಟ್ಟಿ ಮಾಡಿದ ನೀರಿನ ಕೊಳಗಳು, ಒಂದೊಂದಾಗಿ ಮುಚ್ಚಿದವು. 1981ರಲ್ಲಿ ಸರ್ಕಾರ ಎಲ್‌ಡಿಡಿಸಿ ಅನ್ನೋ ನಿಗಮ ಮಾಡಿ, ಸ್ಥಳೀಯ ಕೌನ್ಸಿಲ್‌ಗಳ ಪ್ಲಾನಿಂಗ್ ಅಧಿಕಾರವನ್ನು ಅದರ ಕೈಗೆ ಕೊಟ್ಟಿತು. ಮರುವರ್ಷ ಆ ಡಾಕ್ ಪ್ರದೇಶದ ಐಲ್ ಆಫ್ ಡಾಗ್ಸ್‌ನಲ್ಲಿ ಎಂಟರ್‌ಪ್ರೈಸ್ ಝೋನ್: ಹತ್ತು ವರ್ಷ ಕಟ್ಟಡ ತೆರಿಗೆ ಮಾಫಿ. ದುಡ್ಡು ಬಂತು, ಗೋಪುರಗಳೂ ಎದ್ದವು.

ಎಡವಿದ್ದು ರೈಲಿನಲ್ಲಿ. ಈ ಪ್ರದೇಶಕ್ಕೆಂದೇ 1987ರಲ್ಲಿ ಶುರುವಾದ ಡಿಎಲ್‌ಆರ್ (ಡಾಕ್‌ಲ್ಯಾಂಡ್ಸ್ ಲೈಟ್ ರೈಲ್ವೆ) ಅನ್ನೋ ಹಗುರ ರೈಲಿನ ಖರ್ಚು 77 ಮಿಲಿಯನ್ ಪೌಂಡ್. ಅಗ್ಗ ಅಂದರೆ ಅಗ್ಗ. ರೈಲು 11, ಒಂದೊಂದೂ 28 ಮೀಟರಿನ ಒಂಟಿ ಗಾಡಿ. ಪ್ಲಾಟ್‌ಫಾರ್ಮನ್ನೂ ಅದೇ ಅಳತೆಗೆ ಕಟ್ಟಿದರು. ಮಾರ್ಗ ನಗರದ ಹಣಕಾಸು ಕೇಂದ್ರದೊಳಗೆ ಹೋಗದೆ ಅಂಚಿನ ಟವರ್ ಗೇಟ್‌ವೇಯಲ್ಲೇ ನಿಂತುಬಿಟ್ಟಿತು. ಅದೇ ವರ್ಷ ಒಲಿಂಪಿಯಾ ಅಂಡ್ ಯಾರ್ಕ್ ಕಂಪನಿ ಐಲ್ ಆಫ್ ಡಾಗ್ಸ್‌ನ ಕ್ಯಾನರಿ ವಾರ್ಫ್ ಆಫೀಸು ಗೋಪುರಗಳ ಯೋಜನೆ ಕೈಗೆತ್ತಿಕೊಂಡಿತು. ಸಾವಿರಾರು ನೌಕರರು ಬರುವ ಜಾಗಕ್ಕೆ ಒಂಟಿ ಗಾಡಿ ಎಲ್ಲಿ ಸಾಕು? ಓಡುತ್ತಿರುವ ಮಾರ್ಗದಲ್ಲೇ ಪ್ಲಾಟ್‌ಫಾರ್ಮ್ ಉದ್ದ ಮಾಡಬೇಕಾಯಿತು, ಮೊದಲು ಎರಡು ಗಾಡಿಗೆ, ಆಮೇಲೆ ಮೂರಕ್ಕೆ. ಹಣಕಾಸು ಕೇಂದ್ರದೊಳಗಿನ ‘ಬ್ಯಾಂಕ್’ ಅನ್ನೋ ನಿಲ್ದಾಣಕ್ಕೆ ಸುರಂಗ ತೋಡಿದಾಗ ಇನ್ನೊಂದು ಫಜೀತಿ: ಮೊದಲ ಗಾಡಿಗಳು ಸುರಂಗದ ಅಗ್ನಿ ನಿಯಮಕ್ಕೆ ಹೊಂದಲಿಲ್ಲ, ಜರ್ಮನಿಯ ಎಸೆನ್‌ಗೆ ಮಾರಿದರು. 1992ರಲ್ಲಿ ಕಟ್ಟಡ ಮಾರುಕಟ್ಟೆ ಕುಸಿದು ಒಲಿಂಪಿಯಾ ಅಂಡ್ ಯಾರ್ಕ್ ದಿವಾಳಿಯೆದ್ದಾಗ ಕ್ಯಾನರಿ ವಾರ್ಫ್‌ನಲ್ಲಿ ಬಾಡಿಗೆಯಿಲ್ಲದ ಮಹಡಿಗಳು ಎಷ್ಟೋ ಇದ್ದವು. ನಿಜವಾದ ದೊಡ್ಡ ರೈಲು, ಜುಬಿಲಿ ಲೈನ್, ತಲುಪಿದ್ದು 1999ರಲ್ಲಿ. ಮಾರುಕಟ್ಟೆ ಕುಸಿತ ಯಾರ ಕೈಯಲ್ಲೂ ಇರಲಿಲ್ಲ ನಿಜ, ಪ್ಲಾಟ್‌ಫಾರ್ಮಿನ ಉದ್ದ ಮಾತ್ರ ಕೈಯಲ್ಲೇ ಇತ್ತು. ಗಾಡಿ ಕಡಿಮೆ ಕೊಳ್ಳಿ, ಪರವಾಗಿಲ್ಲ, ನಾಳೆ ಸೇರಿಸಬಹುದು. ಪ್ಲಾಟ್‌ಫಾರ್ಮ್, ಸೇತುವೆಯ ಬಲ, ಸುರಂಗಕ್ಕೆ ಜಾಗ, ಇವುಗಳಲ್ಲಿ ಜಿಪುಣತನ ಮಾಡಬೇಡಿ.

ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಹಳೆ ಬಂದರಿನ ಜಾಗದಲ್ಲೇ ಎದ್ದ ಹಾಫೆನ್‌ಸಿಟಿ ಬಡಾವಣೆಯವರು ಜಾಣರು. ಸುತ್ತಮುತ್ತ ಇನ್ನೂ ಖಾಲಿ ಸೈಟುಗಳಿದ್ದಾಗಲೇ, 2012ರಲ್ಲಿ, ಯು4 ಮೆಟ್ರೊ ಓಡಿಸಿದರು. ಜಾಗವನ್ನೂ ಒಂದೇ ಏಟಿಗೆ ಮಾರಲಿಲ್ಲ: ಆಯ್ಕೆಯಾದವನಿಗೆ ಮೊದಲು ಕಾಯ್ದಿರಿಸಿಕೊಡುತ್ತಾರೆ, ಅವನು ಮಣ್ಣು ಪರೀಕ್ಷೆ, ವಿನ್ಯಾಸ, ಪರವಾನಗಿ ಮುಗಿಸಿದಮೇಲೇ ಕ್ರಯಪತ್ರ. ಸೈಟು ಹಿಡಿದುಕೊಂಡು ಬೆಲೆ ಏರಲಿ ಅಂತ ಕೂರುವವರಿಗೆ ಇದು ಒಳ್ಳೆ ಮದ್ದು. ಹಳೆ ನಿವಾಸಿಗಳಿಗೆ ಕೈಗೆಟಕುವ ಮನೆಗಳ ಪಾಲನ್ನೂ ಆ ಷರತ್ತಿನಲ್ಲೇ ಬರೆಸಿ. ಬೆಲೆ ಏರಿದಮೇಲೆ ಕೇಳಿದರೆ ಯಾರೂ ಒಪ್ಪಲ್ಲ.

ಇನ್ನೊಂದು, ಡಾಕಿನ ನೀರು ಖಾಲಿ ಮಾಡಿಸಿ ಪಾರ್ಕಿಂಗ್ ಮಾಡೋಣ ಅನ್ನೋರು ಸಿಕ್ಕೇ ಸಿಗುತ್ತಾರೆ. ಹಳೆ ಧಕ್ಕೆಯ ಗೋಡೆ ನಿಂತಿರುವುದು ತನ್ನ ಭಾರದ ಜೊತೆಗೆ ಮುಂದಿನ ನೀರಿನ ಒತ್ತಡದಿಂದಲೂ. ನೀರು ಬೇಗ ಇಳಿಸಿದರೆ ಹಿಂದಿನ ನೆನೆದ ಮಣ್ಣು ಗೋಡೆಯನ್ನು ಮುಂದಕ್ಕೆ ದಬ್ಬುತ್ತದೆ. ಇಳಿಸಲೇಬೇಕಾದರೆ ನಿಧಾನವಾಗಿ ಇಳಿಸಿ, ಗೋಡೆಯ ಹಿಂದೆ ಬೋರ್‌ಹೋಲ್ ಹಾಕಿ ಅಂತರ್ಜಲವೂ ಜೊತೆಗೇ ಇಳಿಯುತ್ತಿದೆಯೇ ಅಳೆಯಿರಿ. ಗೋಡೆಯ ತಲೆಗೆ ಸರ್ವೆ ಗುರುತು ಕೂರಿಸಿ. ಅದು ಕದಲಿದ್ದು ಕಂಡರೆ ಪಂಪ್ ಬಂದ್ ಮಾಡಿಸಿ.